ಉಬ್ಬು ಕೆಳಗೆ, ಹೆಸರು ಮೇಲೆ

ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಾಳಿಯ ಬಗ್ಗೆ ಪಾಠ ಹೇಳುತ್ತಿದ್ದವನು ನಾನು. ಗಾಳಿ ಗೊತ್ತಿದ್ದದ್ದು ವರ್ಕ್‌ಶಾಪಿನ ಮಿಸ್ತ್ರಿಯವರಿಗೆ. ಈ ವ್ಯತ್ಯಾಸ ನನಗೆ ತಿಳಿಯಲು ಮೂರು ವರ್ಷ ಬೇಕಾಯಿತು, ಒಪ್ಪಿಕೊಳ್ಳಲು ಇನ್ನೂ ಬಹಳ ವರ್ಷ ಹಿಡಿಯಿತು. ನಾನು ಎಂ.ಟೆಕ್. ಅವರು ಐ.ಟಿ.ಐ., ಅದೂ ಎರಡನೇ ಸಲಕ್ಕೆ ಪಾಸಾದದ್ದು ಎಂದು ಆಫೀಸಿನ ಗುಮಾಸ್ತರು ಎಲ್ಲರಿಗೂ ಹೇಳುತ್ತಿದ್ದರು. ರಿಜಿಸ್ಟರಿನಲ್ಲಿ ಅವರ ಹುದ್ದೆ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. ಹುಡುಗರು ಕರೆಯುತ್ತಿದ್ದದ್ದು ಮಿಸ್ತ್ರಿ ಸರ್ ಎಂದು. ಮಿಸ್ತ್ರಿಗೆ ಸರ್ ಸೇರಿಸಿದ್ದು ಗೌರವಕ್ಕೋ ಚೇಷ್ಟೆಗೋ ಎಂದು ಒಮ್ಮೆ ಅವರನ್ನೇ ಕೇಳಿದ್ದೆ. "ಎರಡೂ ಇರ್ಲಿ ಬಿಡ್ರಿ, ನನಗೇನು ತಕಲೀಫ್ ಇಲ್ಲ" ಅಂದಿದ್ದರು.

ಆಳು ಕುಳ್ಳಗೆ, ಗಟ್ಟಿ ಮೈ. ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಸುತ್ತಿಗೆ ಏಟಿಗೆ ಸತ್ತ ಉಗುರು ಬೆಳೆದು ಬರುವಷ್ಟರಲ್ಲಿ ಇನ್ನೊಂದು ಏಟು ಬಿದ್ದಿರುತ್ತಿತ್ತು. ಖಾಕಿ ಅಂಗಿಯ ಜೇಬಿನಲ್ಲಿ ಒಂದು ಸೀಮೆಸುಣ್ಣ, ಒಂದು ಸ್ಟೀಲಿನ ಅಳತೆಪಟ್ಟಿ, ಮತ್ತೆ ಹೆಂಡತಿಯ ಹಳೆಯ ಸ್ವೆಟರ್ ಬಿಚ್ಚಿ ಕತ್ತರಿಸಿಟ್ಟ ಕೆಂಪು ಉಣ್ಣೆಯ ತುಂಡುಗಳು. ಬೆರಳುದ್ದದ ಆ ತುಂಡುಗಳನ್ನು ಟೇಪು ಹಚ್ಚಿ ಎಲ್ಲೆಂದರಲ್ಲಿ ಅಂಟಿಸುತ್ತಿದ್ದರು. ಗಾಡಿ ಓಡುವಾಗ ಎಳೆ ನೆಟ್ಟಗೆ ಹಿಂದಕ್ಕೆ ಮಲಗಿದರೆ ಅಲ್ಲಿ ಗಾಳಿ ಸರಾಗ. ಒದ್ದಾಡಿದರೆ ಅಲ್ಲಿ ಗಾಳಿ ಸುಳಿ ತಿರುಗುತ್ತಿದೆ ಎಂದರ್ಥ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಚಿತ್ರವನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ನಿಜವಾಗಿ ಅಂಟಿಸಿ ನೋಡಬೇಕು ಎಂದು ನನಗೆ ಹೊಳೆದಿರಲಿಲ್ಲ.

ಒಂದು ಸಂಜೆ ಕಾಲೇಜಿನಿಂದ ಬೀದರಿಗೆ ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಅವರ ಮನೆ ಚಿದ್ರಿಯಲ್ಲಿ, ನಾನಿದ್ದದ್ದು ನೌಬಾದದಲ್ಲಿ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲಿಂದ ಇಣುಕುತ್ತಲೇ ಇದ್ದರು. ಹೊರಡುವ ಮೊದಲೇ ಸ್ಕೂಟರಿನ ಮುಂದಿನ ಗಾಜಿನ ತುಂಬ ಕೆಂಪು ಎಳೆ ಅಂಟಿಸಿದ್ದರು, ಇಳಿದ ಮೇಲೆ ಹೇಳಿದರು:

"ಸರ್, ಗಾಜಿನ ಮ್ಯಾಲಿಂದ ಬರೋ ಗಾಳಿ ಸೀದಾ ನಿಮ್ಮ ಎದಿಗೇ ಬಡೀಲತ್ತದ. ಅದಕ್ಕೇ ವರ್ಷಪೂರ್ತಿ ಕೆಮ್ಮತೀರಿ."

ಮರುದಿನ ಆ ಗಾಜನ್ನು ಎರಡು ಬೆರಳಷ್ಟು ಹಿಂದಕ್ಕೆ ಬಾಗಿಸಿಕೊಟ್ಟರು. ವಾರದೊಳಗೆ ಕೆಮ್ಮು ಹೋಯಿತು. ಹವೆ ಬದಲಾದದ್ದರಿಂದ ಹೋಯಿತು ಎಂದು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ.

ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದರೆ, "ಟ್ರಕ್ಕಿನ ಮ್ಯಾಲರಿ" ಅನ್ನುತ್ತಿದ್ದರು. ಔರಾದ್ ತಾಲೂಕಿನ ಹಳ್ಳಿಯವರು. ಹಿಂದೊಂದು ಬರಗಾಲದಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಇಡೀ ಓಣಿಯ ಜೊತೆ ಟ್ರಕ್ಕಿನ ಮೇಲೆ ಕೂತು ಪುಣೆಗೆ ಹೋಗಿದ್ದರು.

"ಡ್ರೈವರನ ಕ್ಯಾಬಿನ್ ಹಿಂದ ಒಂದು ಮೊಳ ಜಾಗ ಇರ್ತದ್ ನೋಡ್ರಿ, ಅಲ್ಲಿ ಗಾಳಿ ಇರಂಗಿಲ್ಲ. ಕೂಸಿದ್ದ ಹೆಣ್ಮಕ್ಕಳಿಗಿ ಆ ಜಾಗ. ನಡು ಮುದುಕರು. ಹಿಂದಿನ ತುದಿಗಿ ನಮ್ಮಂಥ ಹರೇದ ಹುಡುಗ್ರು. ಅಲ್ಲಿ ಗಾಳಿ ಹೊಳ್ಳಿ ಒಳಗ ಬರ್ತದ, ದಾರಿ ಧೂಳೆಲ್ಲ ಮಾರಿಗೇ."

ನಾನು ಇದನ್ನೇ ಅಡ್ಡ ನಿಂತ ಕಾಯದ ಹಿಂದಿನ ಸುಳಿ ಎಂಬ ಹೆಸರಿನಲ್ಲಿ ಪಾಠ ಮಾಡುತ್ತಿದ್ದೆ. ಕೂಸಿದ್ದ ಹೆಣ್ಣುಮಕ್ಕಳ ಪ್ರಸ್ತಾಪ ನನ್ನ ನೋಟ್ಸಿನಲ್ಲಿ ಇರಲಿಲ್ಲ. ಪುಣೆಯಲ್ಲಿ ಬಸ್ಸಿನ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಇಪ್ಪತ್ತಮೂರು ವರ್ಷ ತಗಡು ಬಡಿದು, ಆಮೇಲೆ ಊರ ಕಡೆಯೇ ಕೆಲಸ ಸಿಕ್ಕಿತು ಎಂದು ಹಿಂದಿರುಗಿ ಬಂದವರು ಅವರು.

ನಾನು ಹೇಳುತ್ತಿರುವ ಕಾಲಕ್ಕೆ ಎರಡು ವರ್ಷದಿಂದ ಮತ್ತೆ ಮಳೆ ಕೈಕೊಟ್ಟಿತ್ತು. ಭಾಲ್ಕಿ ಸ್ಟೇಷನ್ನಿನಲ್ಲಿ ಹೈದರಾಬಾದಿನ ಗಾಡಿಗೆ ಕಾಯುವವರ ಕೈಯಲ್ಲಿ ತವೆ, ಕೊಡ, ಹಾಸಿಗೆಯ ಸುರುಳಿ. ಔರಾದ್ ಕಡೆಯ ಟೆಂಪೋಗಳು ಮುಂಜಾನೆಯೇ ತುಂಬಿ ನಮ್ಮ ಕಾಲೇಜಿನ ಮುಂದಿನ ರಸ್ತೆಯಲ್ಲಿ ಹೋಗುತ್ತಿದ್ದವು. ಹಾಜರಿ ಕೂಗಿದರೆ ನಡುನಡುವೆ ಉತ್ತರ ಬರುತ್ತಿರಲಿಲ್ಲ. "ಅವ ಪುಣೆಕ್ಕ ಹೋಗ್ಯಾನ್ರಿ, ಅಪ್ಪನ ಜೋಡಿ" ಎಂದು ಪಕ್ಕದವನು ಹೇಳುತ್ತಿದ್ದ. ಹೊಸದಾಗಿ ಮೆಕ್ಯಾನಿಕಲ್ ಸೇರಿದವರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಇಷ್ಟು ಮಕ್ಕಳಿಗೆ ವರ್ಕ್‌ಶಾಪಿನಲ್ಲಿ ಇಬ್ಬರು ಇನ್‌ಸ್ಟ್ರಕ್ಟರುಗಳು ಯಾಕೆ ಎಂದು ಆಡಳಿತ ಮಂಡಳಿ ಕೇಳಿತು. ಇನ್ನೊಬ್ಬರು ಮಂಡಳಿಯ ಅಧ್ಯಕ್ಷರ ಸೋದರಮಾವನ ಮಗ. ಆದ್ದರಿಂದ ಯಾರನ್ನು ತೆಗೆಯಬೇಕು ಎಂಬ ಚರ್ಚೆ ಬಹಳ ಹೊತ್ತು ನಡೆಯಲಿಲ್ಲ.

ಅವರನ್ನು ಉಳಿಸಿದ್ದು, ಅಥವಾ ಉಳಿಸೀತು ಎಂದು ಅವರು ನಂಬಿದ್ದು, ಒಂದು ರೇಸು ಕಾರು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಫಾರ್ಮುಲಾ ಗಾಡಿಗಳನ್ನು ಓಡಿಸುವ ಸ್ಪರ್ಧೆಯೊಂದು ವರ್ಷಕ್ಕೊಮ್ಮೆ ದೂರದ ಊರಿನಲ್ಲಿ ನಡೆಯುತ್ತದೆ. ಒಬ್ಬರೇ ಕೂರುವ, ಚಕ್ರಗಳು ಹೊರಗಿರುವ ಗಿಡ್ಡ ಗಾಡಿ. ಹಿಂದಿನ ವರ್ಷ ನಮ್ಮವರು ಕಟ್ಟಿದ್ದ ಗಾಡಿಯನ್ನು ನೋಡಿದವರು ಗೋದ್ರೆಜ್ ಕಪಾಟಿಗೆ ಚಕ್ರ ಹಚ್ಚಿದಂತಿದೆ ಎಂದು ನಕ್ಕಿದ್ದರಂತೆ. ಈ ಸಲ ಗಾಡಿಯ ರೂಪವೇ ಬದಲಾಗಬೇಕು, ಪೇಪರಿನಲ್ಲಿ ಫೋಟೋ ಬರಬೇಕು, ಫೋಟೋ ನೋಡಿ ಸೀಟು ತುಂಬಬೇಕು ಎಂದು ಅಧ್ಯಕ್ಷರು ನಿರ್ಧರಿಸಿದರು. ನನ್ನನ್ನು ಮಾರ್ಗದರ್ಶಕ ಎಂದು ನೇಮಿಸಿದರು. ಮಿಸ್ತ್ರಿಯವರಿಗೆ ನನ್ನೆದುರೇ ಹೇಳಿದರು:

"ಗಾಡಿ ಛಂದ ಓಡ್ತಂದ್ರ ನಿಮ್ಮ ನೌಕ್ರಿ ಎಲ್ಲೂ ಹೋಗಂಗಿಲ್ಲ ಮಿಸ್ತ್ರಿ. ರಿಟೈರ್ ಆಗೋತನ ಇರ್ರಿ."

ನಿವೃತ್ತಿಗೆ ಇನ್ನು ಎರಡೇ ವರ್ಷ ಇತ್ತು. ಹೊರಗೆ ಬಂದ ಮೇಲೆ ಅವರು ನನಗೆ ಹೇಳಿದ್ದು ಒಂದೇ ಮಾತು: "ಈ ವಯಸ್ಸಿನಾಗ ಮತ್ತ ಗಂಟು ಕಟ್ಟೋದು ಬ್ಯಾಡ್ರಿ ಸರ್."

ಹೊಸ ಗಾಡಿಗೆ ಹುಡುಗರು ಬಯಸಿದ ಬದಲಾವಣೆಗಳ ಪಟ್ಟಿ ಉದ್ದವಿತ್ತು. ಮೂತಿ ಚೂಪಾಗಬೇಕು, ಬದಿಗೆ ಹೊದಿಕೆ ಬೇಕು, ಮುಂದೊಂದು ತೆಳು ರೆಕ್ಕೆ, ಹಿಂದೊಂದು ದೊಡ್ಡ ರೆಕ್ಕೆ. ಎಲ್ಲ ಮೊಬೈಲಿನಲ್ಲಿ ನೋಡಿದ್ದು. ಅಧ್ಯಕ್ಷರಿಗೂ ಹಿಂದಿನ ರೆಕ್ಕೆ ಬೇಕೇಬೇಕಾಗಿತ್ತು. ಅದರ ಮೇಲೆ ತಮ್ಮ ತಂದೆಯ ಹೆಸರು ಬರೆಸಲು ಜಾಗ ಇತ್ತು.

ಈ ರೆಕ್ಕೆಯ ವಿಷಯ ಸ್ವಲ್ಪ ಹೇಳಬೇಕು. ವಿಮಾನದ ರೆಕ್ಕೆಯ ಉಬ್ಬಿದ ಮೈ ಮೇಲಿರುತ್ತದೆ, ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ರೇಸು ಕಾರಿನದೂ ಅದೇ ರೆಕ್ಕೆ, ಆದರೆ ಬೋರಲು ಹಾಕಿದ್ದು. ಉಬ್ಬು ಕೆಳಗಿರುವುದರಿಂದ ಗಾಳಿ ಗಾಡಿಯನ್ನು ನೆಲಕ್ಕೆ ಒತ್ತುತ್ತದೆ, ತಿರುವಿನಲ್ಲಿ ಹಿಂದಿನ ಚಕ್ರ ಜಾರುವುದಿಲ್ಲ. ಇಷ್ಟನ್ನು ಹೇಳಲು ನಾನು ತರಗತಿಯಲ್ಲಿ ಎರಡು ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಮಿಸ್ತ್ರಿಯವರು ತಗಡು ಕತ್ತರಿಸುತ್ತಲೇ ಮುಗಿಸಿದರು: "ವಿಮಾನ ಹಾರಬೇಕು, ಇದು ಹಾರಬಾರ್ದು. ಹಾಂಗಂದ್ರ ಉಲ್ಟಾ ಹಾಕ್ಬೇಕು. ಬಸ್."

ರೆಕ್ಕೆಯನ್ನು ಪರೀಕ್ಷಿಸಲು ದೊಡ್ಡ ಊರುಗಳಲ್ಲಿ ಗಾಳಿ ಸುರಂಗಗಳಿರುತ್ತವೆ. ನಮ್ಮಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಬರುತ್ತಿತ್ತು. ಮಿಸ್ತ್ರಿಯವರು ಎರಡು ದಿನ ಯೋಚಿಸಿ ಸಾಯಗಾಂವದಲ್ಲಿದ್ದ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದರು. ಮೂರನೇ ದಿನ ಟ್ರ್ಯಾಕ್ಟರಿನಲ್ಲಿ ನಾಲ್ಕು ತೂರುವ ಫ್ಯಾನು ಬಂದವು. ಕಣದಲ್ಲಿ ರಾಶಿ ತೂರಲು ಗಾಳಿ ಬೀಸುವ ದೊಡ್ಡ ಫ್ಯಾನುಗಳು. ಆ ವರ್ಷ ತೂರಲು ಊರಲ್ಲಿ ಏನೂ ಇರಲಿಲ್ಲವಾಗಿ ಅವು ಸುಮ್ಮನೆ ಬಿದ್ದಿದ್ದವು. ಗಾಳಿಯ ದಾರಿ ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಎರಡು ಚೀಲ ತೊಗರಿ ಹೊಟ್ಟನ್ನೂ ತರಿಸಿದ್ದರು. ಆ ತಮ್ಮ ಟ್ರ್ಯಾಕ್ಟರಿನಿಂದ ಇಳಿಯುವ ಮೊದಲೇ ಶರತ್ತು ಹಾಕಿದ.

"ಹೊಟ್ಟು ವಾಪಸ್ ಬೇಕ್ರಿ. ಎಮ್ಮಿಗಿ ಅದೊಂದೇ ಉಳದದ."

ಗಾಡಿಯ ಹಿಂದಿನ ಚಕ್ರಗಳನ್ನು ಅಡತಿ ಅಂಗಡಿಯಿಂದ ತಂದ ತೂಕದ ಕಾಟಾದ ಮೇಲೆ ನಿಲ್ಲಿಸಿದೆವು. ಫ್ಯಾನು ಶುರುವಾದವು. ಮಿಸ್ತ್ರಿಯವರು ಮುಷ್ಟಿ ಮುಷ್ಟಿ ಹೊಟ್ಟು ಬಿಡುತ್ತ ಹೋದರು. ಅದು ಮೂತಿಯ ಮೇಲಿಂದ ಹಾರಿ, ಹೊದಿಕೆಯ ಅಂಚಿನಲ್ಲಿ ಒಂದು ಸುತ್ತು ತಿರುಗಿ, ರೆಕ್ಕೆಯ ಅಡಿಗೆ ನುಗ್ಗುವುದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಕಾಟಾದ ಮುಳ್ಳು ಎರಡು ಕಿಲೋ ಮೇಲೇರಿತು. ಆಮೇಲೆ ಅವರು ರೆಕ್ಕೆಯನ್ನು ಮಗುಚಿ ಉಬ್ಬು ಮೇಲೆ ಮಾಡಿ ಹಾಕಿ ಮತ್ತೆ ಫ್ಯಾನು ಹಚ್ಚಿಸಿದರು. ಮುಳ್ಳು ಮೊದಲಿದ್ದ ಜಾಗಕ್ಕಿಂತಲೂ ಎರಡು ಕಿಲೋ ಕೆಳಗಿಳಿಯಿತು. ಎರಡೂ ಸಲದ ತೂಕವನ್ನು ನಾನೇ ನನ್ನ ಕೈಯಾರೆ ಬರೆದುಕೊಂಡೆ. ಫ್ಯಾನಿನ ಗಾಳಿಗೆ ಎರಡು ಕಿಲೋ ಆದರೆ ಗಾಡಿ ಓಡುವಾಗಿನ ಗಾಳಿಗೆ ಅದು ಹತ್ತಕ್ಕೆ ಹೋಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವನೂ ನಾನೇ.

ಆ ದಿನ ನಾವೆಲ್ಲ ಸೇರಿ ಅಂಗಳ ಗುಡಿಸಿ ಹೊಟ್ಟನ್ನು ಚೀಲಕ್ಕೆ ತುಂಬಿದೆವು. ಪೈಪಿನ ಸಂದಿಯಲ್ಲಿ ಸಿಕ್ಕಿದ್ದನ್ನೂ ಬಿಡದೆ ಬೆರಳಿನಿಂದ ತೆಗೆದವಳು ಗಾಡಿ ಓಡಿಸಬೇಕಿದ್ದ ಹುಡುಗಿ. ಅವಳೂ ಔರಾದ್ ಕಡೆಯವಳೇ, ಮೂರನೇ ವರ್ಷದ ವಿದ್ಯಾರ್ಥಿನಿ. ಅಪ್ಪ ಅವ್ವ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಅವಳು ಹಾಸ್ಟೆಲಿನಲ್ಲಿದ್ದಳು. ತಂಡದಲ್ಲಿ ಎಲ್ಲರಿಗಿಂತ ಹಗುರ ಅವಳೇ ಎಂದು ಆರಿಸಿದ್ದೆವು. ಕಾಲೇಜಿನ ವರದಿಯಲ್ಲಿ ನಾನು ಆ ಪರೀಕ್ಷೆಯನ್ನು ಕಡಿಮೆ ವೇಗದ ಗಾಳಿ ಸುರಂಗದಲ್ಲಿ ನಡೆಸಿದ ಪ್ರಯೋಗ ಎಂದು ಬರೆದೆ. ಸಾಯಗಾಂವದ ಎಮ್ಮೆ ಸುರಂಗದಿಂದ ಬಂದ ಹೊಟ್ಟನ್ನು ತಕರಾರಿಲ್ಲದೆ ತಿಂದಿತಂತೆ.

ಮಿಸ್ತ್ರಿಯವರು ಫ್ಯಾನು ಹಿಂದಿರುಗಿಸಲು ಹೋದ ದಿನವೇ ರೆಕ್ಕೆಗೆ ಹೆಸರು ಬರೆಯಲು ಬೀದರಿನ ಪೇಂಟರ್ ಬಂದ. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅವನು ಫೋನಿನಲ್ಲಿ ಕೇಳಿದ: "ಎರಡು ಮೈ ಅವ್ರಿ ಸರ್, ಯಾವ ಕಡಿ ಬರೀಲಿ?" ನಾನು ಕಾಗದದಿಂದ ತಲೆ ಎತ್ತದೆ, "ಯಾವ ಕಡಿ ಛಂದ ಕಾಣ್ತದೋ ಆ ಕಡಿ ಬರೀರಿ" ಅಂದೆ. ಎರಡು ಪೀರಿಯಡ್ ಪಾಠ ಮಾಡುವ ಮನುಷ್ಯ ಅಂದದ್ದು ಇದು. ತಗ್ಗಿನ ಮೈಗಿಂತ ಉಬ್ಬಿದ ಮೈ ನುಣುಪಾಗಿತ್ತು. ಅವನು ಅದರ ಮೇಲೇ ಬರೆದ.

ಅಧ್ಯಕ್ಷರೆದುರು ಗಾಡಿ ಓಡಿಸಿ ತೋರಿಸುವ ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಎಲ್ಲರೂ ಬಂದು ನೋಡಿದರು. ಕಾಲೇಜು ಕಟ್ಟಿದ ಅಧ್ಯಕ್ಷರ ತಂದೆ, ತೀರಿಕೊಂಡು ನಾಲ್ಕು ವರ್ಷವಾಗಿತ್ತು, ರೆಕ್ಕೆಯ ಮೇಲಿನ ಚಿತ್ರದಲ್ಲಿ ರುಮಾಲು ಸುತ್ತಿಕೊಂಡು ನಗುತ್ತಿದ್ದರು. ಪಕ್ಕದಲ್ಲಿ ಮೂರು ಬಣ್ಣದಲ್ಲಿ ಅವರ ಹೆಸರು. ಪ್ರಿನ್ಸಿಪಾಲರು ಎರಡು ಸಲ ಸುತ್ತು ಹಾಕಿ ಸಂತೋಷಪಟ್ಟರು. ಮಿಸ್ತ್ರಿಯವರು ಕೈ ಒರೆಸಿಕೊಂಡು ಬಂದು ನಿಂತರು.

"ಭಾಳ ಛಂದ ಬರದಾನ. ಆದ್ರ ಈ ಮೈ ನೆಲ ನೋಡ್ತದ್ರಿ."

ಪೇಂಟರ್ ಬೇರೆ ಊರಿಗೆ ಹೋಗಿದ್ದ, ಇನ್ನೊಂದು ಮೈಗೆ ಬರೆಸಿ ಒಣಗಿಸಲು ಎರಡು ದಿನ ಬೇಕು. ರೆಕ್ಕೆಯನ್ನೇ ತೆಗೆದುಬಿಡೋಣ ಎಂದರೆ ಅಧ್ಯಕ್ಷರು ಬರುತ್ತಿದ್ದದ್ದೇ ರೆಕ್ಕೆ ನೋಡಲು. ಹೋದವರ ಮುಖವನ್ನು ಮಣ್ಣಿನ ಕಡೆ ಮಾಡಿ, ಅದರ ಅಡಿಗೆ ಧೂಳು ಹಾರುವಂತೆ ಗಾಡಿ ಓಡಿಸಲು ಯಾರಿಗೆ ಧೈರ್ಯ? ಉಳಿದದ್ದು ಒಂದೇ ದಾರಿ. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು.

"ನೀವು ಹೇಳ್ರಿ, ಉಬ್ಬು ಮ್ಯಾಲ ಮಾಡಿ ಹಾಕಿದ್ರ ಏನಾಗ್ತದ?"

"ಈ ಸ್ಪೀಡಿಗಿ ಭಾಳ ಫರಕ್ ಏನ್ ಬೀಳಂಗಿಲ್ರಿ" ಅಂದೆ.

ಇದು ಪೂರ್ತಿ ಸುಳ್ಳಲ್ಲ. ಪೂರ್ತಿ ಸುಳ್ಳು ಹೇಳುವ ಧೈರ್ಯವೂ ನನಗಿರಲಿಲ್ಲ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮಿಸ್ತ್ರಿಯವರು ನನ್ನನ್ನೇ ನೋಡಿದರು. "ಸರ್, ಕಾಟಾ ನಾವಿಬ್ಬರೂ ನೋಡೀವಿ."

"ಎರಡೇ ರೌಂಡ್ ಮಿಸ್ತ್ರಿಯವರ. ಹಳ್ಳೂಕ, ಸಾವಕಾಶ ಓಡಿಸ್ತಾಳ."

"ಅದರಾಗ ಕೂಡೋಕಿ ಅಕಿ ಇದ್ದಾಳ, ನಾವಲ್ಲ" ಅಂದರು. ಆದರೂ ಅವತ್ತು ಉಬ್ಬು ಮೇಲೆ ಮಾಡಿ ನಾಲ್ಕು ಬೋಲ್ಟ್ ಬಿಗಿದವರು ಅವರೇ. ಅದನ್ನು ಮುಚ್ಚಿಟ್ಟು ಅವರನ್ನು ದೊಡ್ಡವರನ್ನಾಗಿ ಮಾಡುವ ಆಸೆ ನನಗಿಲ್ಲ. ಎರಡು ವರ್ಷದ ನೌಕರಿ ಆ ಬೋಲ್ಟುಗಳ ಮೇಲೆ ನಿಂತಿತ್ತು. ಬಿಗಿದಾದ ಮೇಲೆ ಹುಡುಗಿಯನ್ನು ಕರೆದು, "ತಿರುವಿನಾಗ ಜೋರ್ ಮಾಡಬ್ಯಾಡ ಅವ್ವಾ" ಎಂದು ಮೂರು ಸಲ ಹೇಳಿದರು.

ಮರುದಿನ ಕಾಲೇಜಿನ ಮುಂದಿನ ರಸ್ತೆಯಲ್ಲಿ ಎತ್ತರದ ವೇದಿಕೆ, ಶಾಮಿಯಾನ. ಧೂಳು ಏಳಬಾರದೆಂದು ಒಂದು ಟ್ಯಾಂಕರ್ ನೀರನ್ನು ವೇದಿಕೆಯ ಮುಂದೆ ಚಿಮುಕಿಸಿದ್ದರು. ಹಾಸ್ಟೆಲಿನ ಮಕ್ಕಳು ಆ ದಿನ ಸ್ನಾನ ಮಾಡಿರಲಿಲ್ಲ. ರಸ್ತೆ ತಿರುಗುವ ಜಾಗ ವೇದಿಕೆಯಿಂದ ದೂರವಿದ್ದದ್ದರಿಂದ ಅಲ್ಲಿಗೆ ನೀರು ಸಿಗಲಿಲ್ಲ. ಗಾಡಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ವೇದಿಕೆಯ ಮೇಲಿಂದ ಹೆಸರು, ಮುಖ ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅಧ್ಯಕ್ಷರು ಕಣ್ಣೊರೆಸಿಕೊಂಡರು. ಅದು ನಾಟಕವಲ್ಲ, ತಂದೆಯ ಮೇಲೆ ಅವರಿಗೆ ನಿಜವಾಗಿ ಪ್ರೀತಿ ಇತ್ತು.

ಮೊದಲ ರೌಂಡ್ ಮಿಸ್ತ್ರಿಯವರು ಹೇಳಿದಂತೆ ಅವಳು ನಿಧಾನ ಹೋಗಿ ಬಂದಳು. ಅಧ್ಯಕ್ಷರಿಗೆ ಸಮಾಧಾನವಾಗಲಿಲ್ಲ. "ಇದೇನ್ರಿ, ಎತ್ತಿನ ಬಂಡಿ ಹೋದಂಗ ಹೋಗ್ಲತ್ತದ. ಜರಾ ಜೋರ್ ಬಿಡ್ಲಿಕ್ಕಿ ಹೇಳ್ರಿ" ಅಂದರು. ಎರಡನೇ ರೌಂಡಿಗೆ ಅವಳು ಜೋರು ಬಿಟ್ಟಳು. ತಿರುವಿನಲ್ಲಿ ಗಾಡಿಯ ಹಿಂಭಾಗ ಹೊರಕ್ಕೆ ಜಾರಿತು, ಇಡೀ ಗಾಡಿ ಗಿರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ವಿದ್ಯುತ್ ಕಂಬಕ್ಕೂ ಚಕ್ರಕ್ಕೂ ನಡುವೆ ಒಂದು ಮೊಳ ಉಳಿದಿತ್ತು. 

ಧೂಳು ಇಳಿಯುವ ಮೊದಲೇ ಚಪ್ಪಾಳೆ ಬಿತ್ತು. ರೇಸಿನವರು ಹೀಗೆಯೇ ತಿರುಗಿಸುತ್ತಾರೆ ಎಂದು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದರು. ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈಕಿನಲ್ಲಿ, "ಭಾರಿ ಆಯ್ತು. ಇನ್ನೊಮ್ಮಿ ಹಾಂಗೇ ತಿರುಗಿಸ್ಲಿ, ವಿಡಿಯೋ ತಗೀತಾರ" ಅಂದರು.

ನಾನು ಓಡಿಹೋದೆ. ಹುಡುಗಿ ಸ್ಟೀರಿಂಗ್ ಬಿಟ್ಟಿರಲಿಲ್ಲ. ತುಟಿಯ ಮೇಲೆಲ್ಲ ಧೂಳು.

"ನಾ ತಿರುಗಸ್ಲಿಲ್ರಿ ಸರ್. ಹಿಂದ ಯಾರೋ ಎತ್ತಿದಂಗಾತು."

"ಇನ್ನೊಂದೇ ರೌಂಡ್. ಹಳ್ಳೂಕ ಹೋಗು" ಅಂದೆ. ಈ ಮಾತು ಹೇಳಿದವನು ನಾನೇ. ಬೇರೆ ಯಾರೂ ಅಲ್ಲಿ ಇರಲಿಲ್ಲ.

ಅಷ್ಟರಲ್ಲಿ ಮಿಸ್ತ್ರಿಯವರು ಬಂದರು. ಅವರೇನೂ ಓಡಿ ಬರಲಿಲ್ಲ, ಕೈಯಲ್ಲಿ ಬೋಲ್ಟ್ ಬಿಚ್ಚುವ ಪಾನಾ ಹಿಡಿದು ದಿನಾ ಕೆಲಸಕ್ಕೆ ಬರುವ ಹಾಗೆಯೇ ಬಂದರು. "ಇಳಿ ಅವ್ವಾ, ನೀರು ಕುಡಿ" ಅಂದು ಅವಳನ್ನು ಇಳಿಸಿದರು. ನನ್ನ ಕಡೆ ನೋಡಲಿಲ್ಲ. ನಾಲ್ಕು ಬೋಲ್ಟ್ ಬಿಚ್ಚಿ, ರೆಕ್ಕೆಯನ್ನು ಮಗುಚಿ, ಉಬ್ಬು ಕೆಳಗೆ ಮಾಡಿ ಮತ್ತೆ ಬಿಗಿಯತೊಡಗಿದರು. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಪ್ರಿನ್ಸಿಪಾಲರು ಏದುಸಿರು ಬಿಡುತ್ತ ಬಂದು, "ಏನ್ ಮಾಡ್ಲತ್ತೀರಿ ಮಿಸ್ತ್ರಿ?" ಅಂದರು.

"ಸೀದಾ ಮಾಡ್ಲತ್ತೀನ್ರಿ."

ಮೈಕು ಅಧ್ಯಕ್ಷರ ಕೈಯಲ್ಲೇ ಇತ್ತು. ಹದಿನೇಳು ವರ್ಷ ಬಹುವಚನದಲ್ಲಿ ಮಾತಾಡಿಸಿದವರು ಅವತ್ತು ಏಕವಚನಕ್ಕೆ ಇಳಿದರು. "ನಮ್ಮಪ್ಪನ ಮಾರಿ ಮಣ್ಣಿಗಿ ಹಚ್ಚತೀ ಏನೋ?"

ಮಿಸ್ತ್ರಿಯವರು ಕೊನೆಯ ಬೋಲ್ಟ್ ಬಿಗಿದು, ಎದ್ದು ನಿಂತು, ವೇದಿಕೆಗೆ ಕೇಳುವಷ್ಟು ಜೋರಾಗಿ ಹೇಳಿದರು: "ನಿಮ್ಮಪ್ಪೋರು ಕಾಲೇಜ್ ಕಟ್ಟಿದ್ದು ಈ ಮಕ್ಕಳ ಸಲುವಾಗೇ ಅಲ್ಲೇನ್ರಿ ಸಾಹೇಬ್ರ. ಒಂದು ರೌಂಡ್ ಬಗ್ಗಿ ಹೋದ್ರ ಅವರೇನು ಬ್ಯಾಡ ಅನ್ನಂಗಿಲ್ಲ."

ಆಮೇಲೆ ಹುಡುಗಿಗೆ ಕೈಸನ್ನೆ ಮಾಡಿದರು. ಅವಳು ಕೂತಳು. ಯಾರಾದರೂ ತಡೆಯುವ ಮೊದಲೇ ಮೂರನೇ ರೌಂಡಿಗೆ ಹೊರಟಳು, ಎರಡನೇ ಸಲದಷ್ಟೇ ಜೋರಿನಲ್ಲಿ. ತಿರುವಿನಲ್ಲಿ ಗಾಡಿ ಒಂದಿಷ್ಟೂ ಅಲುಗದೆ ತಿರುಗಿ ಬಂದಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೋಡುವಂಥದ್ದು ಏನೂ ನಡೆದಿರಲಿಲ್ಲವಲ್ಲ.

ವಾರದೊಳಗೆ ವಿಚಾರಣೆ ಎಂಬುದು ನಡೆಯಿತು. ಮಿಸ್ತ್ರಿಯವರನ್ನು ಕೆಲಸದಿಂದ ತೆಗೆಯುವುದು ಮೊದಲೇ ತೀರ್ಮಾನವಾಗಿತ್ತು, ಆದರೆ ಕಾಗದ ಬೇಕಿತ್ತು. ರೆಕ್ಕೆಯ ಯಾವ ಮೈ ಮೇಲಿರಬೇಕು ಎಂದು ವಿಷಯ ಬಲ್ಲ ಅಧ್ಯಾಪಕರ ಲಿಖಿತ ಅಭಿಪ್ರಾಯ ಕೇಳಿದರು. ವಿಷಯ ಬಲ್ಲ ಅಧ್ಯಾಪಕ ನಾನು. ತಿರುವಿನಲ್ಲಿ ಧೂಳಿತ್ತು ಎಂದು ಬರೆದೆ. ಓಡಿಸಿದವಳಿಗೆ ಅನುಭವ ಕಡಿಮೆ ಎಂದು ಬರೆದೆ. ರೆಕ್ಕೆಯ ಬಗ್ಗೆ, ಇಷ್ಟು ಕಡಿಮೆ ವೇಗದಲ್ಲಿ ಅದರ ಪರಿಣಾಮದ ಕುರಿತು ಎರಡು ಅಭಿಪ್ರಾಯಗಳಿವೆ ಎಂದು ಬರೆದೆ. ಒಳ್ಳೆಯ ಇಂಗ್ಲಿಷಿನಲ್ಲಿ, ಮೂರು ಪ್ರತಿ. ಕಾಟಾದ ತೂಕ ಬರೆದಿಟ್ಟ ವಹಿ ನನ್ನ ಮೇಜಿನ ಖಾನೆಯಲ್ಲಿತ್ತು. ಹುಡುಗಿಯನ್ನೂ ಆ ಕೋಣೆಗೆ ಕರೆಸಿದ್ದರು. ಅವಳೆದುರೇ ಪ್ರಿನ್ಸಿಪಾಲರು ನನ್ನ ಪತ್ರವನ್ನು ಓದಿ ಹೇಳಿದರು.

ತನಗೆ ಸಿಕ್ಕ ಪ್ರತಿಯನ್ನು ಮಿಸ್ತ್ರಿಯವರು ವರಾಂಡದಲ್ಲಿ ನಿಂತು, ಕರಿ ಉಗುರಿನ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಅವರು ಹೇಳಿದ್ದು ಇಷ್ಟು:

"ಇಂಗ್ಲಿಷ್ ಛಂದ ಬರದೀರಿ ಸರ್. ಮಕ್ಕಳಿಗಿ ಪಾಠ ಹೇಳಾಗ ಮಾತ್ರ ಒಂದೇ ಹೇಳ್ರಿ."

ಮುಂದಿನ ತಿಂಗಳು ನನ್ನ ನೌಕರಿ ಖಾಯಂ ಆಯಿತು.

ಹೆಸರು ಕಾಣದ ರೆಕ್ಕೆ ಬೇಡವೇ ಬೇಡ ಎಂದು ಅಧ್ಯಕ್ಷರು ಹೇಳಿದ್ದರಿಂದ ಗಾಡಿ ರೆಕ್ಕೆಯಿಲ್ಲದೆಯೇ ಸ್ಪರ್ಧೆಗೆ ಹೋಯಿತು. ನಡುಮಧ್ಯದಲ್ಲೆಲ್ಲೋ ಒಂದು ಸ್ಥಾನ ಬಂತು. ರೆಕ್ಕೆಯನ್ನು ಕಾಲೇಜಿನ ಮುಂಬಾಗಿಲ ಮೇಲೆ, ಉಬ್ಬು ಎದುರಿಗೆ ಕಾಣುವಂತೆ ಗೋಡೆಗೆ ಬಡಿದರು. ಅಲ್ಲಿ ಗಾಳಿ ಬರುವುದಿಲ್ಲ. ಕೆಲಸ ಕಳೆದುಕೊಂಡ ಮಿಸ್ತ್ರಿಯವರು ಹೆಂಡತಿಯನ್ನು ಕರೆದುಕೊಂಡು ಪುಣೆಗೆ ಹೋದರು ಎಂದು ಕೇಳಿದೆ. ಹಳೆಯ ಗ್ಯಾರೇಜಿನಲ್ಲೇ ಐದು ವರ್ಷ ತಗಡು ಬಡಿದರಂತೆ. ಎದೆ ನೋವು ಕಾಣಿಸಿಕೊಂಡ ಮೇಲೆ ಚಿದ್ರಿಗೆ ಮರಳಿದ್ದರು. ಬಂದದ್ದು ಗೊತ್ತಿದ್ದೂ ನಾನು ನೋಡಲು ಹೋಗಲಿಲ್ಲ. ಹೋಗಬೇಕು ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆದವು.

ಹೋದ ತಿಂಗಳು ತೀರಿಕೊಂಡರು. ಅವರ ನೆನಪಿಗೆ ಮನೆಯವರು ಇಟ್ಟುಕೊಂಡ ಪುಣ್ಯಾನುಮೋದನದ ದಿನ ಹೋದೆ. ಸಣ್ಣ ಮನೆ, ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿ, ಅದರ ಪಕ್ಕ ಅವರ ಫೋಟೋ. ಸಾಯಗಾಂವದ ತಮ್ಮ ಇದ್ದ. ಗಾಡಿ ಓಡಿಸಿದ್ದ ಹುಡುಗಿಯೂ ಬಂದಿದ್ದಳು. ಈಗ ಬಸ್ ಡಿಪೋದಲ್ಲಿ ಎಂಜಿನಿಯರ್, ಕಂಕುಳಲ್ಲಿ ಮಗು. ನಾನು ಬಾಗಿಲ ಬಳಿಯೇ ಚಪ್ಪಲಿಗಳ ಹತ್ತಿರ ಕೂರಲು ಹೋದೆ. ಅವರ ಹೆಂಡತಿ ನೋಡಿ ಎದ್ದು ಬಂದರು. ನನ್ನ ಹೆಸರು ಕೇಳಿದ್ದೇ ತಡ, ಕಣ್ಣು ತುಂಬಿಕೊಂಡು ಕೈ ಮುಗಿದರು.

"ಇವ್ರೇ ನೋಡ್ರಿ ಆ ಸರ್" ಎಂದು ಕೂತವರಿಗೆಲ್ಲ ಹೇಳಿದರು. "ಕಾಲೇಜಿನಾಗ ಎಲ್ಲಾರು ಬಾಯಿ ಮುಚ್ಚಕೊಂಡು ಕುಂತಾಗ, ನಮ್ಮವ್ರು ಮಾಡಿದ್ದು ಬರೋಬರ್ ಅದ ಅಂತ ಇವ್ರೊಬ್ರೇ ಬರದು ಕೊಟ್ಟಿದ್ರಂತ. ಪುಣೆದಾಗ ಇರೋತನ ನೆನಸ್ತಿದ್ರು. ಕಾಗದ ಜ್ವಾಕಿಲಿ ಇಟ್ಟಾರ, ನನಗ ಓದ್ಲಿಕ್ಕಿ ಬರಂಗಿಲ್ಲ."

ಜನ ಸರಿದು ಮುಂದಿನ ಸಾಲಿನಲ್ಲಿ, ಫೋಟೋದ ಎದುರಿಗೇ ನನಗೆ ಜಾಗ ಮಾಡಿಕೊಟ್ಟರು. ಹುಡುಗಿ ನನ್ನನ್ನು ನೋಡಿದಳು, ಆಮೇಲೆ ಮಗುವಿನ ಅಂಗಿ ಸರಿಮಾಡತೊಡಗಿದಳು.

"ಹೌದಲ್ಲೇನ್ರಿ ಸರ್?" ಎಂದು ಅವರ ಹೆಂಡತಿ ಕೇಳಿದರು.

"ಹೌದ್ರಿ" ಅಂದೆ.